ಮಳೆ ಬಿದ್ದ ಹೊಲಕ್ಕೆ ಚಿಗರಿ

ರಾಣೇಬೆನ್ನೂರು ಸೀಮೆಯಲ್ಲಿ ಗೋವಿನಜೋಳ ಬಿತ್ತಿ ಎಂಟು–ಹತ್ತು ದಿನ ಕಳೆದರೆ ರೈತನ ಹಾಸಿಗೆ ಹೊಲಕ್ಕೆ ಹೋಗುತ್ತದೆ. ಮಣ್ಣಿನಿಂದ ಎರಡು ಎಲೆ ಮೇಲೆದ್ದಿರುತ್ತವೆ. ಬೆಳಕು ಹರಿಯುವ ಮುಂಚೆ ಚಿಗರಿ ಹಿಂಡು ಅಲ್ಲಿ ಇಳಿದಿರುತ್ತದೆ. ಹಿಂಡು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಯಾವ ಮಳೆಗೆ ಬಂತು ಎನ್ನುವುದೇ ಮಾತು.

ಪತ್ರಿಕೆಗಳು ‘ಜಿಂಕೆ ಹಾವಳಿ’ ಎಂದು ಬರೆಯುವ ಈ ಪ್ರಾಣಿ ಜಿಂಕೆಯ ಜಾತಿಯದಲ್ಲ. ಜಿಂಕೆ, ಕಡವೆಗಳ ಕವಲುಗೊಂಬು ಪ್ರತಿವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗ ಅಥವಾ ಚಿಗರಿಯದು ತಿರುಚಿದ, ಕವಲಿಲ್ಲದ, ಜೀವನಪರ್ಯಂತ ಉಳಿಯುವ ಕೊಂಬು. ಅದು ಹುಲ್ಲೆಗಳ ಬಳಗಕ್ಕೆ ಸೇರಿದ್ದು. ದಟ್ಟ ಕಾಡು ಅದಕ್ಕೆ ಒಗ್ಗದು, ಬಯಲೇ ಮನೆ. ಅದರ ರಕ್ಷಣೆಗೆಂದೇ 1974ರಲ್ಲಿ ರಾಣೇಬೆನ್ನೂರಿನ ಸುತ್ತಲಿನ 119 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಕುರುಚಲು ಕಾಡಿನ ಈ ನೆಲದ ಬಹುಭಾಗದಲ್ಲಿ ಈಗ ಅರಣ್ಯ ಇಲಾಖೆ ನೆಟ್ಟ ನೀಲಗಿರಿ ನಿಂತಿದೆ. ನೀಲಗಿರಿ ಬಿಸಿಲಿಗೆ ಮರೆ ಕೊಡುತ್ತದೆ, ಹುಲ್ಲು ಕೊಡುವುದಿಲ್ಲ. ಚಿಗರಿ ಹಗಲು ಒಳಗಿದ್ದು ಹೊಟ್ಟೆಗೆ ಹೊರಗೆ ಬರುವುದಕ್ಕೆ ಅರ್ಧ ಕಾರಣ ಇದೇ. ಉಳಿದರ್ಧವನ್ನು ಮಳೆ ನಿರ್ಧರಿಸುತ್ತದೆ.

ಅಮೆರಿಕದ ಬೇಟೆಗಾರರಲ್ಲಿ ಒಂದು ಗಟ್ಟಿ ನಂಬಿಕೆಯಿದೆ: ವಾಯುಭಾರ ಇಳಿದರೆ, ಚಳಿಗಾಳಿ ನುಗ್ಗಿದರೆ ಜಿಂಕೆ ಮೇಯಲು ಹೊರಬೀಳುತ್ತದೆ ಎಂದು. ಅಲ್ಲಿನ ಸಂಶೋಧಕರು ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದಾಗ, ಗಂಡು ಜಿಂಕೆಯ ಓಡಾಟವನ್ನು ಒಂದು ದಿನದ ಗಾಳಿ–ಮಳೆಗಿಂತ ಬೆದೆಗಾಲವೇ ಹೆಚ್ಚು ಆಳುತ್ತದೆ ಎಂಬುದು ಕಂಡುಬಂತು. ಹಾವೇರಿ ಜಿಲ್ಲೆಯ ಲೆಕ್ಕವೇ ಬೇರೆ. ಇಲ್ಲಿ ಚಳಿ ಕಡಿಮೆ, ಹಿಮದ ಮಾತೇ ಇಲ್ಲ. ಪಡುವಣದ ಹಾನಗಲ್ಲ ಕಡೆ ಜೋರಾಗಿ ಸುರಿಯುವ ಮುಂಗಾರು ಬ್ಯಾಡಗಿ ದಾಟಿ ರಾಣೇಬೆನ್ನೂರಿಗೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ಇಂಥ ನೆಲದಲ್ಲಿ ಹುಲ್ಲೆಯನ್ನು ಓಡಾಡಿಸುವುದು ಹಸಿರು. ಹಸಿರು ಎಲ್ಲಿ, ಯಾವಾಗ ಎಂಬುದು ಮಳೆಗೆ ಬಿಟ್ಟದ್ದು.

ಬೇಸಿಗೆಯಲ್ಲಿ ಹುಲ್ಲು ಒಣಗಿ ಕಡ್ಡಿಯಾದಾಗ ಚಿಗರಿ ಬಳ್ಳಾರಿ ಜಾಲಿಯ ಸಿಹಿಗಾಯಿಗೆ ಬಾಯಿ ಹಾಕುತ್ತದೆ. ಬೀಜ ಹಿಕ್ಕೆಯೊಂದಿಗೆ ಹೊರಬಿದ್ದು ಮೊಳೆಯುವುದರಿಂದ, ತನ್ನ ಬಯಲನ್ನು ಮುಳ್ಳುಗಂಟಿ ನುಂಗುವುದಕ್ಕೆ ತಾನೇ ಕೈಜೋಡಿಸಿದಂತಾಗುತ್ತದೆ! ಕಡುಬಿಸಿಲಿನ ಹೊತ್ತನ್ನು ನೆರಳಲ್ಲಿ ಕಳೆದು, ಬೆಳಗು–ಬೈಗಿನಲ್ಲಿ ಮೇಯುತ್ತದೆ. ನೀರಿನ ಹೊಂಡಗಳು ಬತ್ತುತ್ತ ಬಂದಂತೆ ಉಳಿದ ಒಂದೆರಡರ ಸುತ್ತ ಹಿಂಡುಗಳು ಒತ್ತಾಗುತ್ತವೆ. ತೋಳಕ್ಕೂ ಊರ ನಾಯಿಗೂ ಅದು ಗೊತ್ತು.

ಆಮೇಲೆ ರೋಹಿಣಿ ಮಳೆ, ಮಿರಗದ ಮಳೆ. ಬಯಲಿನ ಹುಲ್ಲು ಚಿಗುರುವ ವಾರದಲ್ಲೇ ಕೂರಿಗೆ ಹೂಡಿದ ಹೊಲವೂ ಚಿಗುರುತ್ತದೆ. ಬ್ಯಾಡಗಿ ಎಂದರೆ ಎಲ್ಲರಿಗೂ ಮೆಣಸಿನಕಾಯಿ ಮಾರುಕಟ್ಟೆ ನೆನಪಾಗುತ್ತದೆ. ಮುಂಗಾರಿನಲ್ಲಿ ಅಲ್ಲಿಯ ಹೊಲಗಳಲ್ಲಿ ಕಾಣುವುದು ಬಹುಪಾಲು ಗೋವಿನಜೋಳ ಮತ್ತು ಹತ್ತಿ. ಗೊಬ್ಬರ ಉಂಡ ಈ ಎಳೆ ಪೈರಿನ ಮುಂದೆ ಕುರುಚಲಿನ ಹುಲ್ಲು ಸಪ್ಪೆ.

ಮೇಯ್ದ ಸಸಿಯೊಂದನ್ನು ಬಗ್ಗಿ ನೋಡಬೇಕು. ಮೊಲ ಕಡಿದದ್ದಾದರೆ ಕತ್ತರಿಸಿದಂತೆ ಓರೆಯಾದ, ನಯವಾದ ಗಾಯ. ಚಿಗರಿಗೆ, ಮೆಲುಕು ಹಾಕುವ ಬಹುಪಾಲು ಪ್ರಾಣಿಗಳ ಹಾಗೆ, ಮೇಲ್ದವಡೆಯ ಮುಂದೆ ಬಾಚಿಹಲ್ಲಿಲ್ಲ. ಅದು ಎಲೆಯನ್ನು ಒತ್ತಿ ಹಿಡಿದು ಜಗ್ಗುತ್ತದೆ, ಅಂಚು ನಾರುನಾರಾಗಿ ಹರಿದಿರುತ್ತದೆ. ಪಕ್ಕದ ಹಸಿಮಣ್ಣಿನಲ್ಲಿ ಮೊನಚಾದ ಸೀಳುಗೊರಸಿನ ಗುರುತು. ಇನ್ನೊಂದು ಸಂಗತಿ ಕಣ್ಣಿಗೆ ಕಾಣದು. ಐದಾರು ಎಲೆ ಬರುವ ತನಕ ಗೋವಿನಜೋಳದ ಬೆಳೆಯುವ ತುದಿ ನೆಲದ ಒಳಗೇ ಅಡಗಿರುತ್ತದೆ. ಮೇಲಿನದನ್ನೆಲ್ಲ ಮೇಯ್ದರೂ ಬುಡದಲ್ಲಿ ಹಸಿ ಇದ್ದರೆ ಸುಳಿ ಮತ್ತೆ ಒಡೆಯುತ್ತದೆ. ಹತ್ತಿಗೂ ಸೂರ್ಯಕಾಂತಿಗೂ ಆ ಭಾಗ್ಯವಿಲ್ಲ: ಅವುಗಳ ಕುಡಿ ನೆಲದ ಮೇಲಿರುವುದರಿಂದ ಬೀಜದಳದ ಕೆಳಗೆ ತುಂಡಾದರೆ ಸಸಿ ಸತ್ತಂತೆ.

ಹೀಗಾಗಿ ಒಂದೇ ಹಿಂಡು, ಒಂದೇ ರಾತ್ರಿಯ ಮೇವು, ಎರಡು ಬೇರೆ ವರ್ಷಗಳಲ್ಲಿ ಎರಡು ಬೇರೆ ನಷ್ಟ. ಮಳೆ ಹಿಡಿದ ವರ್ಷ ಬಯಲಿನಲ್ಲೂ ಮೇವಿರುತ್ತದೆ, ಮೇಯ್ದ ಪೈರೂ ಚೇತರಿಸಿಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಎರಡೂ ಇಲ್ಲ. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಎಂದು ದಾಖಲಾಯಿತು. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು. ಅಂಥ ವರ್ಷದಲ್ಲಿ ಬೋರ್‌ವೆಲ್ ನೀರುಂಡ ನಾಲ್ಕೆಕರೆ ಹಸಿರಿದ್ದರೆ ಸುತ್ತಲಿನ ಹಿಂಡುಗಳೆಲ್ಲ ಅಲ್ಲಿಗೇ ಸೇರುತ್ತವೆ. ದೂರನ್ನು ಚಿಗರಿಯ ತಲೆಗೆ ಕಟ್ಟುತ್ತಾರೆ, ಆದರೆ ಅದರಲ್ಲಿ ದೊಡ್ಡ ಪಾಲು ಮಳೆಯದು.

ಪೈರು ಎದೆಮಟ್ಟ ಬೆಳೆದ ಮೇಲೆ ಕಥೆ ತಿರುಗುತ್ತದೆ. ಚಿಗರಿ ಮೂಗನ್ನಾಗಲಿ ಕಿವಿಯನ್ನಾಗಲಿ ಅಷ್ಟು ನಂಬುವುದಿಲ್ಲ, ಕಣ್ಣನ್ನು ನಂಬುತ್ತದೆ. ಎತ್ತರದ ಗೋವಿನಜೋಳದೊಳಗೆ ನುಗ್ಗಿದರೆ ತೋಳ ಬರುವುದೂ ಕಾಣದು, ಗಂಟೆಗೆ 80 ಕಿಲೋಮೀಟರ್ ಓಡುವ ಕಾಲಿಗೆ ದಾರಿಯೂ ಸಿಗದು. ಹಾಗಾಗಿ ಶ್ರಾವಣ–ಭಾದ್ರಪದದಲ್ಲಿ ಅದು ತಗ್ಗು ಬೆಳೆಗಳ, ಬೀಳುಗಳ ಕಡೆ ಸರಿಯುತ್ತದೆ; ತೆನೆಯ ಕಾಲಕ್ಕೆ ಆ ಹೊಲಕ್ಕೆ ಕಾಡುಹಂದಿ ಬರುತ್ತದೆ. ಹಿಂಗಾರಿಯ ಕಡಲೆ, ಬಿಳಿಜೋಳ ಮೊಳೆತಾಗ ಚಿಗರಿಗಳಿಗೆ ಮತ್ತೆ ಬಯಲು ತೆರೆಯುತ್ತದೆ. ಬೆದೆಯ ಎರಡು ಮುಖ್ಯ ಕಾಲಗಳಲ್ಲಿ ಒಂದು ಆಗಸ್ಟ್‌–ಅಕ್ಟೋಬರಿನ ಸುಮಾರಿಗೆ ಬರುತ್ತದೆ. ಆಗ ಹೆಣ್ಣುಗಳು ಮೇವು ಹುಡುಕಿ ಅಲೆದರೂ, ಸರಹದ್ದು ಹಿಡಿದ ಕರಿಗಂಡು ತನ್ನ ಹಿಕ್ಕೆಗುಡ್ಡೆಗಳ ನಡುವಿನ ತುಂಡು ನೆಲ ಬಿಟ್ಟು ಕದಲುವುದಿಲ್ಲ.

ಬೇಟೆಯೂ ಇದೇ ಪಂಚಾಂಗ ಹಿಡಿದು ನಡೆಯುತ್ತಿತ್ತು. ರಾಜರು ಪಳಗಿಸಿದ ಸಿವಂಗಿ, ಅಂದರೆ ಚೀತಾ, ಬಿಟ್ಟು ಚಿಗರಿ ಹಿಡಿಸುತ್ತಿದ್ದರು. ಇಲ್ಲಿನ ಸಿವಂಗಿ ಅಪರೂಪವಾದ ಮೇಲೆ ಕೊಲ್ಲಾಪುರ ಸಂಸ್ಥಾನ ಆಫ್ರಿಕಾದಿಂದ ತರಿಸಿಕೊಂಡಿತು. ಬಡವರ ಬೇಟೆಗೆ ಅಷ್ಟು ಖರ್ಚಿರಲಿಲ್ಲ. ಎತ್ತಿನ ಮರೆಯಲ್ಲಿ ಮೆಲ್ಲಗೆ ಸಮೀಪಿಸುವುದು, ಹಾದಿಗೆ ಉರುಲು ಒಡ್ಡುವುದು, ಬೇಸಿಗೆಯಲ್ಲಿ ನೀರಿನ ಬಳಿ ಕಾಯುವುದು. ಉತ್ತರ ಕರ್ನಾಟಕದ ಹರಣಶಿಕಾರಿಗಳು ಈ ವಿದ್ಯೆಯಲ್ಲಿ ಹೆಸರಾದವರು. ಎಲ್ಲಕ್ಕಿಂತ ಸುಲಭದ ಬೇಟೆ ಎರೆಹೊಲದ್ದು. ಜಡಿಮಳೆ ಬಿದ್ದ ಎರೆಮಣ್ಣು ಗೊರಸಿಗೆ ಮೆತ್ತಿ ಗಡ್ಡೆಗಟ್ಟುತ್ತದೆ. ಬಯಲಿನಲ್ಲಿ ಯಾರಿಗೂ ಸಿಗದ ಪ್ರಾಣಿ ಅಲ್ಲಿ ಎಡವುತ್ತದೆ, ಅಗಲ ಪಾದದ ನಾಯಿ ಅದನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಊರ ನಾಯಿಗಳು ಚಿಗರಿಗೆ ಇಂದಿಗೂ ಅಪಾಯವಾಗಿರುವುದು ಇದರಿಂದಲೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ ಮೊದಲ ಪರಿಚ್ಛೇದದಲ್ಲಿದೆ. ಕೊಂದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ. 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ. 1998ರ ಅಕ್ಟೋಬರಿನಲ್ಲಿ ಜೋಧಪುರದ ಬಳಿ ನಡೆದ ಬೇಟೆಯ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಕೆಳ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಿದ್ದು ಇದೇ ಪ್ರಾಣಿಗಾಗಿ. ಮೊದಲ ಪರಿಚ್ಛೇದದ ಪ್ರಾಣಿಯನ್ನು ಬೆಳೆ ತಿಂದಿತೆಂಬ ಕಾರಣಕ್ಕೆ ಕೊಲ್ಲಲು ಅನುಮತಿ ಕೊಡುವ ಅವಕಾಶವೇ ಕಾಯ್ದೆಯಲ್ಲಿಲ್ಲ. ಮನುಷ್ಯರ ಜೀವಕ್ಕೆ ಅಪಾಯ ಒಡ್ಡಿರಬೇಕು, ಇಲ್ಲವೇ ಗುಣವಾಗದಷ್ಟು ರೋಗಿಷ್ಠವೋ ಊನವೋ ಆಗಿರಬೇಕು.

ರೈತರ ಕೈಯಲ್ಲಿ ಉಳಿದಿರುವುದು ಹೊಲದ ಸುತ್ತ ಕಟ್ಟಿದ ಹಳೆ ಸೀರೆ, ಪಟಾಕಿ, ರಾತ್ರಿ ಕಾವಲು ಮತ್ತು ಪರಿಹಾರದ ಅರ್ಜಿ. ಅರ್ಜಿಯಲ್ಲೂ ಮಳೆಯದೇ ತೊಡಕು. ಎಳೆ ಪೈರು ಹೋದಾಗ ಪಂಚನಾಮೆಗೆ ಸಿಬ್ಬಂದಿ ಬರುವ ತನಕ ಹೊಲದ ಹದ ಕಾಯುವುದಿಲ್ಲ. ಎರಡು ದಿನ ತಡೆದರೆ ಮರುಬಿತ್ತನೆಯೂ ಕೈತಪ್ಪುತ್ತದೆ. ಬಿತ್ತಿದರೆ ಮೇಯ್ದ ಗುರುತು ಮಣ್ಣಿನೊಳಗೆ ಸೇರುತ್ತದೆ. ಬಹಳಷ್ಟು ಜನ ಅರ್ಜಿ ಬದಿಗಿಟ್ಟು ಕೂರಿಗೆಯನ್ನೇ ಹಿಡಿಯುತ್ತಾರೆ.