ಉಜಿಯ ಹಸಿರು ಬಟ್ಟಲು: ಮಚ್ಚಾ ಸಿಹಿಗೇಕೆ ಇಷ್ಟುದ್ದದ ಸಾಲು?

ಜಪಾನಿನ ಪ್ರಾಚೀನ ರಾಜಧಾನಿ ಕ್ಯೋಟೊದಿಂದ ನಾರಾ ಕಡೆಗೆ ಹೊರಡುವ ರೈಲು ಸುಮಾರು ಅರ್ಧ ಗಂಟೆಯಲ್ಲಿ ಉಜಿ ಪಟ್ಟಣವನ್ನು ತಲುಪುತ್ತದೆ. ಹತ್ತು ಯೆನ್ ನಾಣ್ಯದ ಮೇಲೆ ಕಾಣುವ ಬ್ಯೋದೊಇನ್ ದೇವಾಲಯವಿರುವುದು ಇಲ್ಲಿಯೇ. ಆದರೆ ರೈಲಿಳಿದ ಪ್ರವಾಸಿಗರಲ್ಲಿ ಅನೇಕರು ಮೊದಲು ಅರಸುವುದು 1854ರಲ್ಲಿ ಸ್ಥಾಪನೆಯಾದ ನಾಕಾಮುರಾ ತೋಕಿಚಿ ಎಂಬ ಚಹಾ ಮಳಿಗೆಯನ್ನು. ಜನಸಂದಣಿಯ ದಿನಗಳಲ್ಲಿ ಇಲ್ಲಿ ಸರದಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ಕಾದವರಿಗೆ ದೊರೆಯುವುದು ಬಿದಿರಿನ ಬಟ್ಟಲು. ಅದರಲ್ಲಿ ಚಹಾದ ಜೆಲ್ಲಿ, ಮಚ್ಚಾ ಐಸ್‌ಕ್ರೀಂ, ಅಕ್ಕಿಹಿಟ್ಟಿನ ಬಿಳಿ ಉಂಡೆ ಹಾಗೂ ಅಜುಕಿ ಎಂಬ ಕೆಂಪು ಕಾಳನ್ನು ಸಕ್ಕರೆಯೊಂದಿಗೆ ಬೇಯಿಸಿದ ಪಾಕ. ಕನ್ನಡಿಗರ ನಾಲಗೆಗೆ ಇದು ಹೋಳಿಗೆಯ ಹೂರಣದ ದೂರದ ಬಂಧುವೆಂದೇ ತೋರೀತು. ಸಿಹಿಯನ್ನು ಮಿತಿಯಲ್ಲಿಡುವುದು ಮಚ್ಚಾದ ಕಹಿ.

ಚಹಾ ಗಿಡಗಳಿಗೆ ಕೊಯ್ಲಿಗೆ ಮೊದಲು ಸುಮಾರು ಮೂರು ವಾರ ನೆರಳು ಹೊದಿಸಲಾಗುತ್ತದೆ. ಬಿಸಿಲು ತಗ್ಗಿದಾಗ ಎಲೆಯಲ್ಲಿ ಹರಿತ್ತು ಹೆಚ್ಚುತ್ತದೆ. ರುಚಿಗೆ ಕಾರಣವಾದ ಥಿಯಾನಿನ್ ಒಗರಿನ ಅಂಶವಾಗಿ ಮಾರ್ಪಡದೆ ಉಳಿಯುತ್ತದೆ. ಎಲೆಗಳನ್ನು ಹಬೆಯಲ್ಲಿ ಹಾಯಿಸಿ, ಉಜ್ಜದೆ ಒಣಗಿಸಿ, ದಂಟು-ನರಗಳನ್ನು ಬೇರ್ಪಡಿಸಿದರೆ ತೆನ್ಚಾ ಸಿದ್ಧ. ಅದನ್ನು ಬೀಸಿದ ಪುಡಿಯೇ ಮಚ್ಚಾ. ಒಂದು ಕಲ್ಲಿನ ಬೀಸುಕಲ್ಲು ಗಂಟೆಗೆ ಸುಮಾರು 40 ಗ್ರಾಂ ಮಾತ್ರ ನೀಡುತ್ತದೆ. ಅವಸರದಿಂದ ತಿರುಗಿಸಿದರೆ ಶಾಖದಿಂದ ಪರಿಮಳ ಕೆಡುತ್ತದೆ.

ಬಿಕ್ಕಟ್ಟಿನ ಮೂಲವೂ ಈ ನಿಧಾನಗತಿಯಲ್ಲಿದೆ. 2024ರಲ್ಲಿ ಜಪಾನಿಗೆ ಭೇಟಿಯಿತ್ತ ವಿದೇಶಿಯರ ಸಂಖ್ಯೆ 3.68 ಕೋಟಿ ದಾಟಿತು. ಅದೇ ವರ್ಷದ ಶರತ್ಕಾಲದಲ್ಲಿ ಕ್ಯೋಟೊದ ಹೆಸರಾಂತ ಚಹಾ ಮಳಿಗೆಗಳು ಗ್ರಾಹಕರಿಗೆ ಪುಡಿಯ ಮಾರಾಟವನ್ನು ಮಿತಗೊಳಿಸಿದವು. 2025ರ ವಸಂತದ ಹರಾಜಿನಲ್ಲಿ ಕ್ಯೋಟೊ ತೆನ್ಚಾದ ಬೆಲೆ ಹಳೆಯ ದಾಖಲೆಗಳನ್ನು ಮೀರಿತು. ಹೊಸ ಗಿಡ ಫಲ ಕೊಡಲು ನಾಲ್ಕೈದು ವರ್ಷ ಬೇಕು. ತೋಟಗಳಲ್ಲಿ ದುಡಿಯುವವರೋ ಬಹುಪಾಲು ವೃದ್ಧರು. ಹೀಗಿರುವಾಗ ಶ್ರೇಷ್ಠ ದರ್ಜೆಯ ಪುಡಿಯನ್ನು ಐಸ್‌ಕ್ರೀಮಿಗೆ ಸುರಿಯುವುದು ದುಂದುಗಾರಿಕೆಯೇ ಸರಿ. ಸಿಹಿತಿನಿಸಿಗೆ ಕಹಿ ಹೆಚ್ಚಿರುವ ಸಾಧಾರಣ ದರ್ಜೆಯೇ ಹೆಚ್ಚು ಒಪ್ಪುತ್ತದೆ.

ಸಸ್ಯಾಹಾರಿ ಪ್ರವಾಸಿಗರು ಗಮನಿಸಬೇಕಾದ ಅಂಶವೊಂದಿದೆ. ಜಪಾನಿನ ಜೆಲ್ಲಿ, ಪುಡಿಂಗ್‌ಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಬಳಸುವುದುಂಟು. ಕಡಲ ಪಾಚಿಯಿಂದ ತಯಾರಾಗುವ ಕಾಂತೆನ್, ಅಂದರೆ ನಮ್ಮ ಅಂಗಡಿಗಳ ಚೈನಾ ಗ್ರಾಸ್, ಬಳಸಿದ್ದರೆ ಆತಂಕವಿಲ್ಲ. ಎರಡೂ ನೋಟಕ್ಕೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬಟ್ಟಲು ತರಿಸುವ ಮೊದಲೇ ‘ಜೆಲಟಿನೋ, ಕಾಂತೆನ್ನೋ’ ಎಂದು ವಿಚಾರಿಸುವುದು ಕ್ಷೇಮ.