ಹಾಡಿನ ಲೆಕ್ಕ ಬರೆಯಬೇಕಾದವರು ಯಾರು?

ಚಿತ್ರಗೀತೆಗೆ ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ಅದರ ಗಳಿಕೆಯಲ್ಲಿ ಪಾಲು ಸಿಗಬೇಕು ಎಂಬ ಮಾತು ನಮ್ಮ ಕಾನೂನಿಗೆ ಸೇರಲು ಬಹಳ ಕಾಲ ಹಿಡಿಯಿತು. ಸಂಯೋಜಕರು ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಕರಾರಿಲ್ಲದಿದ್ದರೆ ಚಿತ್ರದ ಹಾಡು ನಿರ್ಮಾಪಕರದ್ದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಬಂದ ಮೇಲೆ, ಚಿತ್ರಮಂದಿರದ ಹೊರಗಿನ ಬಳಕೆಗೆ ಸಲ್ಲುವ ಸಮಪಾಲನ್ನು ಯಾರೂ ಬರೆದುಕೊಟ್ಟು ಕಳೆದುಕೊಳ್ಳದಂತಾಯಿತು. ಆದರೆ ಹಕ್ಕು ಸಿಕ್ಕ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. ಯಾವ ಹಾಡು, ಎಲ್ಲಿ, ಎಷ್ಟು ಸಲ ಕೇಳಿಬಂತು ಎಂದು ಯಾರಾದರೂ ಬರೆದು ಕಳಿಸಬೇಕು. ಆ ವರದಿಯ ಆಧಾರದ ಮೇಲೆಯೇ ಹಣ ಹಂಚಿಕೆಯಾಗುತ್ತದೆ. ವರದಿಯನ್ನು ಡಿಜಿಟಲ್ ಮಾಡಬೇಕೆನ್ನುವ ಮಾತಿಗೆ ಯಾರ ತಕರಾರೂ ಇಲ್ಲ. ಆದರೆ ಹಳೆಯ ನಮೂನೆಯನ್ನು ಹಾಗೆಯೇ ವೆಬ್‌ಸೈಟಿಗೆ ಏರಿಸಿದರೆ ಏನೂ ಬದಲಾಗುವುದಿಲ್ಲ. ಮೊದಲು ಬದಲಾಗಬೇಕಾದದ್ದು ಬರೆಯುವ ಹೊರೆಯನ್ನು ಹೊತ್ತವರು ಯಾರು ಎಂಬುದು.

2013ರ ಕೃತಿಸ್ವಾಮ್ಯ ನಿಯಮಗಳನ್ನೇ ನೋಡಿ. ಶಾಸನಬದ್ಧ ಪರವಾನಗಿಯಲ್ಲಿ ಹಾಡು ಪ್ರಸಾರ ಮಾಡುವ ಎಫ್‌ಎಂ ಕೇಂದ್ರ 5 ದಿನ ಮೊದಲೇ ಹಕ್ಕುದಾರರಿಗೆ ನೋಟಿಸ್ ಕೊಡಬೇಕು. ಕೃತಿಯ ವಿವರ, ಬರೆದವರು, ಮುಖ್ಯ ಕಲಾವಿದರು, ಕಾರ್ಯಕ್ರಮ, ಪ್ರಸಾರದ ಹೊತ್ತು, ಅವಧಿ ಎಲ್ಲವೂ ಅದರಲ್ಲಿರಬೇಕು. ಕೇಳುಗರ ಕೋರಿಕೆಗೆ ಆ ಕ್ಷಣವೇ ಹಾಡು ಹಾಕುವ ಮಾಧ್ಯಮಕ್ಕೆ ಇದು ಒಗ್ಗುವ ಕೆಲಸವಲ್ಲ. 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ವಿವರಗಳನ್ನು ಪ್ರಸಾರವಾದ 15 ದಿನದೊಳಗೆ ಸಲ್ಲಿಸಬಹುದೆಂದಿತು. ನಿಯಮವನ್ನು ಹೊಸದಾಗಿ ಬರೆಯುವುದು ನ್ಯಾಯಾಲಯದ ಕೆಲಸವಲ್ಲವೆಂದು ಸುಪ್ರೀಂ ಕೋರ್ಟ್ ಮುಂದಿನ ತಿಂಗಳೇ ಆ ಆದೇಶವನ್ನು ರದ್ದು ಮಾಡಿತು. ಹೈಕೋರ್ಟಿನ ಪರಿಹಾರ ಉಳಿದಿದ್ದರೂ ಬದಲಾಗುತ್ತಿದ್ದುದು ಗಡುವು ಮಾತ್ರ. ಹಾಡು ಬರೆದವರು ಯಾರೆಂದು ರೇಡಿಯೊ ಕೇಂದ್ರವೇ ಹುಡುಕಿ ತುಂಬಬೇಕಾದ ಸ್ಥಿತಿ ಹಾಗೆಯೇ ಇರುತ್ತಿತ್ತು. ಆ ಹೆಸರು ಸರಿಯಿದ್ದರೂ ತಪ್ಪಿದ್ದರೂ ಕೇಂದ್ರಕ್ಕೆ ಲಾಭನಷ್ಟವಿಲ್ಲ, ನಷ್ಟವೆಲ್ಲ ಕವಿಯದ್ದು. ಲಾಭವಿಲ್ಲದವರಿಂದ ನಿಖರತೆ ನಿರೀಕ್ಷಿಸುವ ವ್ಯವಸ್ಥೆಯಲ್ಲಿ ತಪ್ಪುಗಳು ಸಹಜ.

ಬೇರೆ ದಾರಿಗೆ ಬೇಕಾದ ಸಲಕರಣೆಗಳು ಈಗಾಗಲೇ ಇವೆ. ಪ್ರತಿ ಧ್ವನಿಮುದ್ರಿಕೆಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತವನ್ನೂ, ಸಾಹಿತ್ಯ ಮತ್ತು ರಾಗ ಸೇರಿದ ಕೃತಿಗೆ ಐಎಸ್‌ಡಬ್ಲ್ಯೂಸಿ ಎಂಬ ಬೇರೆ ಸಂಖ್ಯೆಯನ್ನೂ ಕೊಡುವ ಅಂತರರಾಷ್ಟ್ರೀಯ ಪದ್ಧತಿಯಿದೆ. ಕೇಂದ್ರದ ಕಂಪ್ಯೂಟರ್ ಹಾಡು ನುಡಿಸಿದ ಹೊತ್ತನ್ನು ಹೇಗೂ ದಾಖಲಿಸುತ್ತದೆ. ಆ ಹೊತ್ತು ಮತ್ತು ಮೊದಲ ಸಂಕೇತ ತಾನಾಗಿ ಹೋದರೆ ಸಾಕು. ಉಳಿದದ್ದನ್ನು ಕೃತಿಯ ದಾಖಲೆಯೇ ಹೇಳಬೇಕು, ಮತ್ತು ಆ ದಾಖಲೆ ಹಾಡು ಬಿಡುಗಡೆಯಾಗುವ ದಿನವೇ ಹುಟ್ಟಬೇಕು. ಕನ್ನಡಕ್ಕೆ ಇದು ಇನ್ನಷ್ಟು ಮುಖ್ಯ. ರೋಮನ್ ಲಿಪಿಯಲ್ಲಿ ಒಂದೇ ಹಾಡಿನ ಹೆಸರು ನಾಲ್ಕು ಬಗೆಯಲ್ಲಿರುತ್ತದೆ; ಊರು, ತಂದೆಯ ಹೆಸರು, ಇನಿಷಿಯಲ್‌ಗಳು ಹಿಂದುಮುಂದಾದರೆ ಒಬ್ಬ ಕವಿ ಮೂವರಾಗುತ್ತಾರೆ. ಸಂಕೇತವಿದ್ದರೆ ಕಾಗುಣಿತದ ತೊಡಕಿಲ್ಲ. ಅಮೆರಿಕದಲ್ಲಿ 2018ರ ಕಾಯ್ದೆಯಂತೆ ಸ್ಥಾಪನೆಯಾದ ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್‌ಗೆ 2021ರಲ್ಲಿ ಸ್ಟ್ರೀಮಿಂಗ್ ಕಂಪನಿಗಳು ಒಪ್ಪಿಸಿದ, ಹಕ್ಕುದಾರರೊಂದಿಗೆ ಹೊಂದಿಕೆಯಾಗದೆ ಉಳಿದಿದ್ದ ಹಣ ಸುಮಾರು 42.4 ಕೋಟಿ ಡಾಲರ್. ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುವ ಉದ್ಯಮದ ಬಾಕಿಯಿದು. ಮೂಲ ದಾಖಲೆ ಕೆಟ್ಟಿದ್ದರೆ ತಂತ್ರಜ್ಞಾನ ಕೈಹಿಡಿಯದು ಎನ್ನಲು ಬೇರೆ ಸಾಕ್ಷಿ ಬೇಡ.

ಧ್ವನಿಯನ್ನು ಕೇಳಿ ಹಾಡನ್ನು ಗುರುತಿಸುವ ತಂತ್ರಾಂಶಗಳಿರುವಾಗ ವರದಿಯೇ ಯಾಕೆ ಎಂದು ಕೆಲವರು ಕೇಳಬಹುದು. ಆ ತಂತ್ರಾಂಶ ಗುರುತಿಸುವುದು ಮುದ್ರಿತ ಧ್ವನಿಯನ್ನು. ಟಿಕೆಟ್ ಇಟ್ಟು ನಡೆಯುವ ರಸಮಂಜರಿಯಲ್ಲಿ ಊರಿನ ಗಾಯಕಿ ಬೇರೆ ಶ್ರುತಿಯಲ್ಲಿ, ಬೇರೆ ನಡೆಯಲ್ಲಿ ಹಾಡಿದಾಗ ಅದು ಸುಲಭವಾಗಿ ತಡವರಿಸುತ್ತದೆ. ಅಲ್ಲಿ ಮನುಷ್ಯರೇ ಹೇಳಬೇಕು, ಹೇಳುವುದು ಮಾತ್ರ ಹಗುರವಾಗಬೇಕು: ತಂಡದವರು ಫೋನಿನಲ್ಲಿ ಕನ್ನಡದಲ್ಲೇ ಪಲ್ಲವಿಯ ಮೊದಲ ಪದ ಒತ್ತಿದರೆ ಹಾಡು ಸಿಗಬೇಕು, ಹಿಂದಿನ ಕಾರ್ಯಕ್ರಮದ ಪಟ್ಟಿಯನ್ನು ತಿದ್ದಿ ಕಳಿಸುವಂತಿರಬೇಕು. ಇಷ್ಟೆಲ್ಲ ಖರ್ಚು ಯಾಕೆ, ಮಾದರಿ ಸಮೀಕ್ಷೆ ಮಾಡಿ ಹಣ ಹಂಚಿದರಾಗದೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಅಂಗಡಿ, ಹೋಟೆಲುಗಳ ಹಿನ್ನೆಲೆ ಸಂಗೀತಕ್ಕೆ ಅದೇ ಸರಿ. ಅಲ್ಲಿ ಪ್ರತಿ ಹಾಡನ್ನೂ ಎಣಿಸಲು ಹೊರಟರೆ ಹಂಚಬೇಕಾದ ಹಣವೇ ಕರಗುತ್ತದೆ. ಆದರೆ ಸಮೀಕ್ಷೆಯ ಬಲೆಗೆ ಬೀಳುವುದು ಸದಾ ಕೇಳಿಬರುವ ಹಾಡುಗಳು. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತಾರು ಸಲ ಹಾಡಲಾಗುವ ಭಾವಗೀತೆ ಅದರಿಂದ ಜಾರಿಹೋಗುತ್ತದೆ. ಈ ಬಗೆಯ ಕವಿಗಳಿಗಾಗಿಯೇ ವೇದಿಕೆ ಕಾರ್ಯಕ್ರಮಗಳನ್ನು ಪೂರ್ತಿಯಾಗಿ ಎಣಿಸಬೇಕು ಎನ್ನುತ್ತೇನೆ.

ಕೃತಿಸ್ವಾಮ್ಯ ನಿಯಮಗಳ 2021ರ ತಿದ್ದುಪಡಿಯು ಕೃತಿಸ್ವಾಮ್ಯ ಸಂಘಗಳು ಪ್ರತಿವರ್ಷ ಪಾರದರ್ಶಕತೆಯ ವರದಿ ಪ್ರಕಟಿಸಬೇಕೆಂದು ವಿಧಿಸಿದೆ. 1969ರಿಂದ ಗೀತರಚನೆಕಾರರ, ಸಂಯೋಜಕರ ಪರವಾಗಿ ರಾಯಲ್ಟಿ ಸಂಗ್ರಹಿಸುತ್ತಿರುವ ಐಪಿಆರ್‌ಎಸ್‌ಗೂ ಇದು ಅನ್ವಯಿಸುತ್ತದೆ. ಒಳ್ಳೆಯ ಹೆಜ್ಜೆ. ಆದರೂ ಅದು ಸಂಘದ ಒಟ್ಟು ಲೆಕ್ಕ. ಕವಿಗೆ ಬೇಕಾದದ್ದು ತನ್ನ ಈ ಹಾಡು ಯಾವ ಕೇಂದ್ರದಲ್ಲಿ ಎಷ್ಟು ಸಲ ದಾಖಲಾಯಿತು, ಅದಕ್ಕೆಷ್ಟು ಬಂತು ಎಂಬ ಸಾಲು. ಜೊತೆಗೆ, ಬಿಟ್ಟುಹೋಗಿದೆ ಎನಿಸಿದರೆ ಅಲ್ಲೇ ಒತ್ತಿ ಕೇಳುವ ಅವಕಾಶ. ಹೀಗೆ ತೆರೆದಿಟ್ಟರೆ ಸುಳ್ಳು ಹಕ್ಕುದಾರರು ನುಗ್ಗುತ್ತಾರೆಂಬ ಭಯ ನಿರಾಧಾರವೇನಲ್ಲ. ಅದಕ್ಕೆ ಬಾಗಿಲು ಮುಚ್ಚಬೇಕಾಗಿಲ್ಲ: ವಿವಾದ ಎದ್ದ ಕೃತಿಯ ಹಣವನ್ನು ಮಾತ್ರ ತಡೆಹಿಡಿದು, ಪ್ರತಿವಾದಿಗೆ ತಿಳಿಸಿ, ಗೊತ್ತಾದ ಗಡುವಿನಲ್ಲಿ ಕಾರಣಸಹಿತ ತೀರ್ಮಾನ ಕೊಡಲಿ. ಕೇಂದ್ರಗಳ ವ್ಯಾಪಾರದ ಗುಟ್ಟು ಬಯಲಾಗುತ್ತದೆಂಬ ವಾದ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಪ್ರಸಾರವಾದ ಹಾಡನ್ನು ಊರೆಲ್ಲ ಕೇಳಿಯಾಗಿರುತ್ತದೆ.