ಫೋಟೋ ಸಿಕ್ತು, ಮೊಟ್ಟೆ ಹೋಯ್ತು!

ಬೆಂಗಳೂರಿಗೆ ಕಡಲಿಲ್ಲ. ಹಾಗಂತ ದೋಣಿ ಹತ್ತಿ ಹಕ್ಕಿ ಫೋಟೋ ಹೊಡೆಯುವ ಹುಚ್ಚು ಜಯನಗರ, ಬನಶಂಕರಿಯವರನ್ನು ಬಿಟ್ಟಿಲ್ಲ. ಭಾನುವಾರ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿಗೆ ಸವಾರಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ನಡುಗಡ್ಡೆಗಳವು.

ಅಲ್ಲಿನ ರೀವ ಹಕ್ಕಿ ಕಡಲಹಕ್ಕಿಗಳ ನೆಂಟ. ಗೂಡು ಕಟ್ಟುವ ಗೋಜಿಲ್ಲ. ಬೇಸಿಗೆಯಲ್ಲಿ ಬರೀ ಬಂಡೆ ಮೇಲೇ ಮೊಟ್ಟೆ. ದೋಣಿ ತೀರಾ ಹತ್ತಿರ ಹೋಯ್ತೋ, ಕಾವಿಗೆ ಕೂತ ಹಕ್ಕಿ ಎದ್ದು ಹಾರುತ್ತೆ. ಆಮೇಲೆ ಮೊಟ್ಟೆ ಬಿಸಿಲಿಗೆ ಬೇಯಬೇಕು, ಇಲ್ಲಾ ಕಾಗೆ ಪಾಲಾಗಬೇಕು. ಇತ್ತ ದೋಣಿಯಲ್ಲಿ 'ಒಳ್ಳೇ ಫೋಟೋ ಸಿಕ್ತು' ಅಂತ ಸಂಭ್ರಮ!

'ಇನ್ನೊಂಚೂರು ಮುಂದೆ' ಎಂದು ಅಂಬಿಗನಿಗೆ ಕಾಟ ಕೊಡುವ ಮೊದಲು ಇಷ್ಟು ನೆನಪಿರಲಿ. ಹಕ್ಕಿ ಕತ್ತೆತ್ತಿ ದಿಟ್ಟಿಸಿದರೆ ಹುಟ್ಟು ಅಲ್ಲಿಗೇ ನಿಲ್ಲಲಿ. ಉದ್ದದ ಲೆನ್ಸು ಇರೋದು ಮತ್ಯಾತಕ್ಕೆ ಸ್ವಾಮೀ?